ಮಡಚದ ಮೊಣಕಾಲು

ದೊಡ್ಡ ಬಸವಣ್ಣನ ಗುಡಿ ಮೆಟ್ಟಿಲಲ್ಲಿ ಕಾಲು ಜಾರಿತು ಎಂದು ಗಿರಿಜಾಂಬಾ ಹೇಳಿದ್ದು ಶುದ್ಧ ಸುಳ್ಳು. ಬಸವಣ್ಣ ಪಾಪ, ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಚಿಕ್ಕಪೇಟೆಯಲ್ಲಿ ಸೀರೆ ಅಂಗಡಿ ಇಟ್ಟಿದ್ದ ಪಂಚಾಕ್ಷರಯ್ಯನವರ ಹೆಂಡತಿ, ಮೂವತ್ತೆಂಟು ವರ್ಷದ ಈ ಮಹಾತಾಯಿ, ಗಂಡನಿಗೂ ಅತ್ತೆಗೂ ತಿಳಿಯದಂತೆ ಒಂದು ತಿಂಗಳಿಂದ ಬಾಡಿಗೆ ಸೈಕಲ್ ಕಲಿಯುತ್ತಿದ್ದಳು! ತ್ಯಾಗರಾಜನಗರದ ಬಯಲಲ್ಲಿ ಆಗ ಮನೆಗಿಂತ ಎಮ್ಮೆ ಜಾಸ್ತಿ. ಅವತ್ತು ಮೊಟ್ಟಮೊದಲ ಸಲ ಸೈಕಲ್ ತಾನಾಗಿ ಓಡಿತು. ಕಿವಿಯಲ್ಲಿ ಗಾಳಿ, ಸೆರಗೆಲ್ಲ ಗಾಳಿ, ಆಹಾ, ಅವಳು ಗಟ್ಟಿಯಾಗಿ ನಕ್ಕೇಬಿಟ್ಟಳು. ಬ್ರೇಕು ಹಿಡಿಯುವುದನ್ನು ಮಾತ್ರ ಇನ್ನೂ ಕಲಿತಿರಲಿಲ್ಲ. ಎದುರಿಗೆ ಎಮ್ಮೆ, ಪಕ್ಕದಲ್ಲಿ ಯಾರೋ ಮನೆ ಕಟ್ಟಲು ತೋಡಿದ್ದ ಪಾಯದ ಗುಂಡಿ. ಎಮ್ಮೆಯ ಪುಣ್ಯ ದೊಡ್ಡದು, ಸೈಕಲ್ ಗುಂಡಿಗೆ ಬಿತ್ತು.

ಬಲ ಮೊಣಕಾಲಿನ ಮೇಲೆ ಮೂಳೆ ಎರಡು ತುಂಡು. ಆಪರೇಷನ್ ಮಾಡಿ ಉಕ್ಕಿನ ಪಟ್ಟಿ ಕೂರಿಸಬೇಕು, ಮೈಮೇಲೆ ಏನೂ ಇರಕೂಡದು ಎಂದರು ಡಾಕ್ಟರು. ಅತ್ತೆ ಮಹಾನಂದಮ್ಮ ಬಾಗಿಲಿಗೆ ಅಡ್ಡ ನಿಂತರು.

“ಬಳೆ ತಗೊಳ್ಳಿ, ಸರ ತಗೊಳ್ಳಿ. ಕೊರಳಲ್ಲಿರೋ ಲಿಂಗ ಮೈ ಬಿಡಕೂಡದು. ಪ್ರಾಣ ಹೋದ್ರೂ ಬಿಡಲ್ಲ ನಾವು.”

“ಪ್ರಾಣದ ಮಾತ್ಯಾಕಮ್ಮ? ಬೆಳ್ಳಿ ಕರಡಿಗೆ ನೀವಿಟ್ಕೊಳ್ಳಿ. ಲಿಂಗಾನ ಕುದಿಸಿದ ಬಟ್ಟೇಲಿ ಸುತ್ತಿ ತೋಳಿಗೆ ಕಟ್ಟಿಬಿಡೋಣ,” ಎಂದರು ಡಾಕ್ಟರು. ಮಹಾನಂದಮ್ಮ ತಾವೇ ಗಂಟು ಹಾಕಿದರು.

ಗಿರಿಜಾಂಬಾಳ ಭಯವೇ ಬೇರೆ. ಕಾಲು ಮಡಚದೆ ಹೋದರೆ ಇನ್ನು ಸೈಕಲ್ ಕನಸಿನಲ್ಲೇ! ಅದೇ ಯೋಚನೆಯಲ್ಲಿ ಕ್ಲೋರೋಫಾರಂ ಮೂಸಿದವಳು, ಅಮಲು ಇಳಿಯುವ ಹೊತ್ತಿಗೆ ವಾರ್ಡಿಗೆಲ್ಲ ಕೇಳುವಂತೆ ಕೂಗಿದಳು.

“ಟ್ರಿಣ್ ಟ್ರಿಣ್! ಎಮ್ಮೇ, ಸರ್ಕೊಳ್ಳೇ! ಬಸವಣ್ಣಾ, ನಿನ್ ಮೇಲೆ ಸುಳ್ಳು ಹೇಳ್ಬಿಟ್ಟೆ ಕಣಪ್ಪಾ, ನಾನ್ ಬಿದ್ದಿದ್ದು ಸೈಕಲ್ಲಿಂದ!”

ಪಕ್ಕದ ಹಾಸಿಗೆಯವರು ಹೊಲಿಗೆ ಹಿಡಿದುಕೊಂಡು ನಕ್ಕರು. ಪಂಚಾಕ್ಷರಯ್ಯನವರು ಟೋಪಿಯನ್ನು ಮುಖಕ್ಕೆ ಅಡ್ಡ ಹಿಡಿದರು. ಮಹಾನಂದಮ್ಮ ಮಾತ್ರ ನಗಲಿಲ್ಲ.

ನಾಲ್ಕು ತಿಂಗಳಿಗೆ ಮೂಳೆ ಕೂಡಿತು. ಮೊಣಕಾಲು ಅರ್ಧಕ್ಕೆ ಮಡಚಿ ಹಟ ಹಿಡಿದು ನಿಂತುಬಿಟ್ಟಿತು. ಚಾಮರಾಜಪೇಟೆಯ ಅವರ ಮನೆಯಲ್ಲಿ ಪೂಜೆಯಾಗದೆ ಯಾರಿಗೂ ತುತ್ತಿಲ್ಲ. ಪೂಜೆಯೆಂದರೆ ಚಕ್ಕಳಮಕ್ಕಳ ಹಾಕಿ ಕೂತು, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಮಾಡುವುದು. ಸೊಸೆ ಕುರ್ಚಿಯಲ್ಲಿ ಕಾಲು ಚಾಚಿ ಕೂತು ಪೂಜೆ ಮಾಡುವುದನ್ನು ಕಂಡು ಅತ್ತೆಯ ಜೀವ ಚಡಪಡಿಸಿತು. ಮತ್ತೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದರು.

“ದಿನಾ ಸೈಕಲ್ ತುಳೀಲಿ,” ಎಂದುಬಿಟ್ಟ ಆ ಪುಣ್ಯಾತ್ಮ! “ಮೊದ್ಲು ಸೀಟು ಎತ್ತರಕ್ಕಿಡಿ, ವಾರವಾರಕ್ಕೆ ಇಳಿಸ್ತಾ ಬನ್ನಿ. ತಾನಾಗಿ ಮಡಚುತ್ತೆ.”

ಪಂಚಾಕ್ಷರಯ್ಯನವರು ಗೊಣಗುತ್ತಲೇ ಹಳೆಯ ಲೇಡೀಸ್ ಸೈಕಲ್ ತಂದರು. “ನೀನು ಕೆಳಗೆ ಕೂತು ಪೂಜೆ ಮಾಡಿದ ದಿನ ಇದನ್ನ ಮಾರಿಬಿಡ್ತೀನಿ,” ಎಂದೂ ಹೇಳಿದರು.

ಮೊದಲ ವಾರ ಮಹಾನಂದಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀಟು ಹಿಡಿದು ಪಕ್ಕದಲ್ಲಿ ಓಡಿದರು. ಅರವತ್ತೈದರ ಜೀವ ಎಷ್ಟು ಓಡೀತು? “ಸುಸ್ತಾಗ್ತಿದೆ ಕಣೇ, ಆ ಮರದವರೆಗೆ ಕೂತ್ಕೋತೀನಿ,” ಎಂದು ಒಂದು ದಿನ ಕ್ಯಾರಿಯರ್ ಏರಿದವರು ಮತ್ತೆ ಇಳಿಯಲೇ ಇಲ್ಲ. ಇಳಿಜಾರು ಬಂದಾಗಲೆಲ್ಲ “ಶಿವಶಿವಾ!” ಎನ್ನುತ್ತಿದ್ದರು. ಹೆದರಿಕೆ ಇರಬೇಕು ಎಂದುಕೊಂಡು ಗಿರಿಜಾಂಬಾ ಬ್ರೇಕು ಹಿಡಿಯುತ್ತಿದ್ದಳು.

ಸೀಟು ಪೂರ್ತಿ ಇಳಿದ ವಾರ, ಉಗ್ರಾಣದಲ್ಲಿ ಒಬ್ಬಳೇ ಇದ್ದಾಗ ಕೂತು ನೋಡಿದಳು. ಕಾಲು ಮಡಚಿತು! ಕುಣಿಯಬೇಕು ಎನ್ನುವಷ್ಟರಲ್ಲಿ ಗಂಡನ ಮಾತು ನೆನಪಾಯಿತು. ಸದ್ದಿಲ್ಲದೆ ಎದ್ದು ಬಂದು ಮತ್ತೆ ಕುರ್ಚಿಯನ್ನೇ ಹತ್ತಿದಳು.

ಹಾಗೇ ಹದಿನೈದು ದಿನ. ಬಸವಣ್ಣನ ಮೇಲೆ ಸುಳ್ಳು ಹೇಳಿ ದಕ್ಕಿಸಿಕೊಳ್ಳಬಹುದು. ಅಂಗೈಯಲ್ಲೇ ಲಿಂಗ ಇಟ್ಟುಕೊಂಡು, ಮಡಚುವ ಕಾಲನ್ನು ಚಾಚಿ ಕೂರುವುದೆಂದರೆ? ಹದಿನಾರನೆಯ ಬೆಳಗ್ಗೆ ಕುರ್ಚಿಯನ್ನು ಪಕ್ಕಕ್ಕೆ ತಳ್ಳಿ, ಮಣೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಳುತ್ತಾ ಪೂಜೆ ಮುಗಿಸಿ, ಅತ್ತೆಯ ಕಾಲಿಗೆ ಬಿದ್ದಳು.

“ತಪ್ಪಾಯ್ತು ಅತ್ತೆ. ಹದಿನೈದು ದಿನದಿಂದ ಮಡಚ್ತಿತ್ತು.”

“ಗೊತ್ತು ಕಣೇ. ಉಗ್ರಾಣದ ಕಿಟಕೀಲಿ ನೋಡಿದ್ನಲ್ಲ.”

“ಮತ್ತೆ ಯಾಕೆ ಹೇಳ್ಲಿಲ್ಲ?”

ಮಹಾನಂದಮ್ಮ ಮಗ ಕೋಟು ತೊಡುತ್ತಿದ್ದ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು. “ಹೇಳಿದ್ರೆ ಅವನು ಸೈಕಲ್ ಮಾರ್ಬಿಡ್ತಿದ್ದ. ಆಮೇಲೆ ನನ್ನ ಯಾರೇ ಕ್ಯಾರಿಯರ್ ಮೇಲೆ ಕೂರಿಸ್ಕೋತಿದ್ರು?”

ಅಷ್ಟರಲ್ಲಿ ಪಂಚಾಕ್ಷರಯ್ಯನವರು ಹೊರಗೆ ಬಂದರು. ಮಣೆ ನೋಡಿದರು, ಕುರ್ಚಿ ನೋಡಿದರು. “ಅಂದ್ರೆ ಕಾಲು ಮಡಚ್ತು!”

“ಮಡಚ್ತಪ್ಪಾ,” ಎಂದರು ತಾಯಿ. “ಸೈಕಲ್ ತಂಟೆಗೆ ಬಂದ್ರೆ ನಿನ್ನ ಕಾಲು ಮುರೀತೀನಿ.”

ಆ ಸಂಜೆ ಇಳಿಜಾರಿನಲ್ಲಿ ಗಿರಿಜಾಂಬಾ ಅಭ್ಯಾಸಬಲದಿಂದ ಬ್ರೇಕಿಗೆ ಕೈ ಹಾಕಿದಳು. ಹಿಂದಿನಿಂದ ಬೆನ್ನಿಗೆ ಗುದ್ದು ಬಿತ್ತು.

“ಯಾರೇ ನಿನಗೆ ಹಿಡಿ ಅಂದಿದ್ದು?”