ಅವಲಕ್ಕಿ ಡಬ್ಬಿಯ ಆಂಪ್ಲಿಫೈಯರ್

ಬೆಸುಗೆಯ ಹೊಗೆಯ ವಾಸನೆ ಯಾರಿಗೂ ಇಷ್ಟವಾಗಲಿಕ್ಕಿಲ್ಲ. ನನಗೆ ಮಾತ್ರ ಅದು ತವರುಮನೆಯ ವಾಸನೆ. ರಾಯಚೂರಿನ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿಯ ಒಂದು ಸಣ್ಣ ಅಂಗಡಿ ಇದೆ. ದೇವದುರ್ಗದ ಬಸ್ಸಿಗೆ ಕಾಯುತ್ತ ನಿಂತಾಗ ಅಲ್ಲಿಂದ ಕಾದ ಸೀಸದ, ರಾಳದ ಹೊಗೆ ತೇಲಿಬಂದರೆ ನಾನು ವಿಜ್ಞಾನ ಕಲಿಸುವ ಟೀಚರಾಗಿ ಉಳಿಯುವುದಿಲ್ಲ. ಮಾನ್ವಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮೊಣಕಾಲಿಗೆ ಗದ್ದ ಊರಿ ಕೂತ ಹತ್ತು ವರ್ಷದ ಹುಡುಗಿಯಾಗಿಬಿಡುತ್ತೇನೆ. ಕೆಳಗೆ ತಣ್ಣನೆಯ ಹಾಸುಗಲ್ಲು, ಮೇಲೆ ಮಣ್ಣಿನ ಮಾಳಿಗೆ, ಎದುರಿಗೆ ಹೊಗೆಗೆ ಕಣ್ಣು ಕಿರಿದುಮಾಡಿಕೊಂಡು ಬಗ್ಗಿದ ಅಪ್ಪ. ಹೀಗೆ ಎಷ್ಟು ಸಲ ಬಸ್ಸು ತಪ್ಪಿಸಿಕೊಂಡಿದ್ದೇನೋ. ನಿಮಗೂ ಇಂಥದೊಂದು ವಾಸನೆ ಇದ್ದೇ ಇರುತ್ತದೆ, ಸುಳ್ಳು ಹೇಳಬೇಡಿ.

ಅಪ್ಪ ಭತ್ತದ ಮಿಲ್ಲಿನಲ್ಲಿ ವೈರಮನ್ ಆಗಿದ್ದ. ಅವನ ಅಂಗಿ, ಕೂದಲು, ಹುಬ್ಬು ಎಲ್ಲಕ್ಕೂ ತೌಡಿನ ಘಮ. ಅವನ ಅಕ್ಕ ನೀಲವ್ವತ್ತಿ, ಗಂಡ ತೀರಿದ ಮೇಲೆ ನಮ್ಮ ಮನೆಯಲ್ಲೇ ಇದ್ದಳು. ಏಕತಾರಿ ಹಿಡಿದು ತತ್ವಪದ ಹಾಡಲು ಕೂತಳೆಂದರೆ ಓಣಿಯ ಹೆಣ್ಣುಮಕ್ಕಳು ಒಲೆಯ ಮೇಲಿನ ಸಾರು ಮರೆಯುತ್ತಿದ್ದರು. ಅವಳಿಗೆ ಗಂಟಲಿನ ಆಪರೇಷನ್ ಆಯಿತು. ದನಿ ಹೋಗಲಿಲ್ಲ, ಕುಗ್ಗಿತು. ಪಕ್ಕದಲ್ಲಿ ಕೂತರೆ ಮೊದಲಿಗಿಂತ ಹಿತವಾಗಿ ಕೇಳುತ್ತಿತ್ತು, ಎರಡು ಮಾರು ಆಚೆಗೆ ಏನೂ ಇಲ್ಲ. ಆ ವರ್ಷದ ಶ್ರಾವಣದಲ್ಲಿ ಮಠದ ಭಜನೆಗೆ ಹೋದಾಗ ಅವಳ ಕೈಗೆ ತಾಳ ಕೊಟ್ಟು ಬದಿಗೆ ಕೂಡಿಸಿದರು. ಅವ್ವ ಓಣಿಯ ಮೈಕ್‌ಸೆಟ್ಟಿನವನನ್ನು ಕೇಳಿದಳು. ಅವನು ನಕ್ಕ. "ಹೆಣ್ಮಕ್ಕಳ ಭಜನಿಗ್ಯಾಕ ಬೇಕ್ರಿ ಮೈಕು? ನಿಮ್ಮ ದನಿ ಮನಿಯಾಗ ಕೇಳಿ ಕೇಳಿ ಸಾಕಾಗ್ಯಾದ." ಸುತ್ತಲಿದ್ದವರೂ ನಕ್ಕರು. ಅತ್ತಿಯೂ ನಕ್ಕಳು. ಮನೆಗೆ ಬಂದು ಏಕತಾರಿಯನ್ನು ಗೂಟಕ್ಕೆ ತೂಗುಹಾಕಿ ಅದರ ಮೇಲೊಂದು ಹಳೆಯ ಸೀರೆಯ ತುಂಡು ಹೊದಿಸಿದಳು. "ಇನ್ನ ಇದನ್ನ ಯಾರಿಗರೆ ಹಾಡೋರಿಗೆ ಕೊಟ್ಟುಬಿಡು ತಮ್ಮಾ" ಅಂದಳು. ಅದು ಅವಳ ಉಸಿರು ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಪ್ಪ ಊಟ ಮಾಡಿ ಕೈತೊಳೆದ.

ಮರುದಿನ ಅವನ ಸೈಕಲ್ಲಿನ ಹಿಂದೆ ಮಿಲ್ಲಿನವರು ಎಸೆದಿದ್ದ ಸುಟ್ಟ ಸ್ಟೆಬಿಲೈಜರ್ ಬಂತು. ಅದರ ಸುತ್ತು ಬಿಚ್ಚಿ, ಹೊಸದಾಗಿ ಸುತ್ತಿ ಟ್ರಾನ್ಸ್‌ಫಾರ್ಮರ್ ಮಾಡಿದ. ದನಿ ಹಿಗ್ಗಿಸುವ ಹೊಸ ಆಂಪ್ಲಿಫೈಯರ್ ಕೊಳ್ಳುವ ಮಾತು ನಮ್ಮ ಮನೆಯಲ್ಲಿ ಏಳುವಂತಿರಲಿಲ್ಲ. ಆದ್ದರಿಂದ ರಾಯಚೂರಿನ ರೇಡಿಯೋ ಅಂಗಡಿಯಿಂದ ಒಂದು ಮೈಕು, ಎರಡು ದಪ್ಪ ಟ್ರಾನ್ಸಿಸ್ಟರು, ಚಿಲ್ಲರೆ ಸಾಮಾನು, ಮಾಸಿದ ಒಂದು ನಕ್ಷೆಯ ಹಾಳೆ ಇಷ್ಟೇ ತಂದ. ಉಳಿದದ್ದೆಲ್ಲ ಮನೆಯದು, ಓಣಿಯದು. ಟ್ರಾನ್ಸಿಸ್ಟರಿನ ಬಿಸಿ ಹೀರಲು ಗ್ಯಾರೇಜಿನಲ್ಲಿ ಬಿದ್ದಿದ್ದ ಸ್ಕೂಟರ್ ಎಂಜಿನ್ನಿನ ಅಲ್ಯೂಮಿನಿಯಂ ರೆಕ್ಕೆ. ಅದಕ್ಕೂ ಟ್ರಾನ್ಸಿಸ್ಟರಿಗೂ ನಡುವೆ ಇಡಲು ಕೆಟ್ಟ ಇಸ್ತ್ರಿಪೆಟ್ಟಿಗೆಯೊಳಗಿನ ಅಭ್ರಕದ ಚೂರು. ನಮ್ಮ ಸತ್ತ ರೇಡಿಯೋದ ಸ್ಪೀಕರನ್ನು ನೀರಿನ ಗಡಿಗೆಯ ಬಾಯಿಗೆ ಕೂಡಿಸಿದ; ದನಿ ಗಡಿಗೆಯೊಳಗೆ ಹೊಕ್ಕು ದಪ್ಪಗಾಗಿ ಬರುತ್ತದಂತೆ. ಎಲ್ಲವನ್ನೂ ಹೊರುವ ಪೆಟ್ಟಿಗೆಗೆ ಮಾತ್ರ ಅವ್ವನ ತಗಡಿನ ಅವಲಕ್ಕಿ ಡಬ್ಬಿಗೇ ಕೈ ಹಾಕಿದ. "ಇವತ್ತ ಡಬ್ಬಿ, ನಾಳಿ ನನ್ನ ಕೊಡಾನೂ ಕೊರೀರಿ" ಎಂದು ಅವ್ವ ಗೊಣಗಿದಳು. ಆದರೂ ಅವಲಕ್ಕಿಯನ್ನು ಗಂಟುಕಟ್ಟಿ, ಡಬ್ಬಿ ಒರೆಸಿ ಅವಳೇ ಕೊಟ್ಟಳು.

ಶ್ರಾವಣದ ಕಡೆಯ ಸೋಮವಾರದ ಭಜನೆಗೆ ಇನ್ನು ಒಂದೇ ದಿನ. ಅಪ್ಪ ಸ್ವಿಚ್ ಒತ್ತಿದ. ಗಡಿಗೆ ಗುಂಯ್ ಎಂದಿತು. ಮಾತಾಡಿದರೂ ಗುಂಯ್, ಸುಮ್ಮನಿದ್ದರೂ ಗುಂಯ್. ತಂತಿ ಬಿಚ್ಚಿದ, ಕಟ್ಟಿದ, ಮತ್ತೆ ಬೆಸೆದ. ಬೆಳಗಿನಿಂದ ಮಧ್ಯಾಹ್ನದವರೆಗೂ ಅದೇ ಗುಂಗು. ಆ ಗದ್ದಲದಲ್ಲಿ ಅತ್ತಿಯ ದನಿ ಮುಳುಗಿಹೋಗುತ್ತದೆಂದು ನನಗೂ ತಿಳಿಯುತ್ತಿತ್ತು. ನನಗೆ ಅಳು ಬಂದಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತಿ ನನ್ನನ್ನು ಕರೆದಳು. "ಏನಾಗ್ಯಾದಂತ ಬೇ ಅದಕ್ಕ?"

ನೆಲಕ್ಕೆ ಇಳಿಸುವ ಅರ್ಥಿಂಗ್ ತಂತಿಗೆ ಮಿಲ್ಲಿನವರೆಲ್ಲ ಬಾಯಿತುಂಬ 'ಅರ್ಥ' ಅನ್ನುತ್ತಿದ್ದರು. ಅಪ್ಪ ಅಂದದ್ದನ್ನೇ ನಾನು ಗಿಳಿಯ ಹಾಗೆ ಒಪ್ಪಿಸಿದೆ. "ಅರ್ಥ ಕೂಡವಲ್ದಂತ ಅತ್ತಿ."

ಅತ್ತಿ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದಳು. ಜೀವಮಾನವೆಲ್ಲ ಪದಗಳ ಅರ್ಥ ಹೇಳಿದವಳಿಗೆ ಅರ್ಥವೆಂದರೆ ಒಂದೇ. "ಎಷ್ಟು ಅರ್ಥ ಕೊಟ್ಟೀ ಅದಕ್ಕ?"

"ಎರಡು ಕಡಿ ಕೊಟ್ಟೀನಕ್ಕ, ಗಟ್ಟಿ ಇರಲಿ ಅಂತ."

"ಹುಚ್ಚಪ್ಪಾ, ಒಂದ ಪದಕ್ಕ ಎರಡೆರಡು ಅರ್ಥ ಹೇಳಾಕ ಹೋದ್ರ ಗದ್ದಲಾನ ಆಗೋದು. ಒಂದು ಹಿಡಿ, ಒಂದು ಬಿಡು."

ಅಪ್ಪ ನಗಲು ಬಾಯಿ ತೆರೆದವನು ಡಬ್ಬಿಯೊಳಗೆ ಬಗ್ಗಿ ನೋಡಿದ. ಮಿಲ್ಲಿನ ಮೋಟಾರಿಗೆ ಎರಡು ಅರ್ಥ ಕೊಡುವುದು ಕಡ್ಡಾಯ; ಒಂದು ಕಡಿದರೆ ಇನ್ನೊಂದು ಆಳಿನ ಜೀವ ಕಾಯುತ್ತದೆ. ಅದೇ ರೂಢಿಯಲ್ಲಿ ಅವನು ಟ್ರಾನ್ಸ್‌ಫಾರ್ಮರಿನ ಕಡೆಯಿಂದ ಒಂದು, ಮೈಕಿನ ಕಡೆಯಿಂದ ಇನ್ನೊಂದು ತಂತಿ ಎಳೆದು ಎರಡನ್ನೂ ಡಬ್ಬಿಗೆ ಬಿಗಿದಿದ್ದ; ಆ ಎರಡರ ನಡುವೆ ಸುತ್ತುವ ಕರೆಂಟೇ ಗುಂಯ್‌ಗುಡುತ್ತಿತ್ತು. ಕಟ್ಟರ್ ತೆಗೆದುಕೊಂಡು ಮೈಕಿನ ಕಡೆಯದನ್ನು ಕಟ್ ಅನಿಸಿದ. ಗಡಿಗೆ ಸುಮ್ಮನಾಯಿತು. ಎಷ್ಟು ಸುಮ್ಮನೆಂದರೆ, ಒಲೆಯ ಮೇಲೆ ರೊಟ್ಟಿ ಉಬ್ಬುವ ಸಪ್ಪಳ ಪಡಸಾಲೆಗೆ ಕೇಳಿಸಿತು. ಹಾಳಾಗಿದೆಯೇನೋ ಎಂದು ಅತ್ತಿ ಗಾಬರಿಯಾಗಿ ಮೈಕಿನ ಹತ್ತಿರ ಬಾಗಿ "ತಮ್ಮಾ" ಅಂದಳು. ಮನೆ ತುಂಬ "ತಮ್ಮಾ" ಎಂದು ಕೇಳಿತು. ಅಪ್ಪ ಎದ್ದು ಹೋಗಿ ಏಕತಾರಿಯ ಮೇಲಿನ ಬಟ್ಟೆ ತೆಗೆದ. ಅವನು ಅತ್ತದ್ದನ್ನು ನಾನು ನೋಡಿದ್ದು ಆವತ್ತೇ. ಅಡುಗೆಮನೆಯಲ್ಲಿ ರೊಟ್ಟಿ ಹೊತ್ತಿಹೋಯಿತು, ಯಾರೂ ಬೈಯಲಿಲ್ಲ.

ಮರುದಿನ ಇಳಿಹೊತ್ತಿಗೆ ಮಠದ ಕಟ್ಟೆಯ ಮೇಲೆ ಗಡಿಗೆ ಕೂತಿತು. ಏನೋ ಪೂಜೆಯದೆಂದು ತಿಳಿದು ಒಬ್ಬ ಮುದುಕಿ ಅದಕ್ಕೆ ವಿಭೂತಿ ಬಳಿದು ಕೈಮುಗಿದಳು. ನೀಲವ್ವತ್ತಿ ತಾಳದವರನ್ನು ದಾಟಿ ನಡುವೆ ಹೋಗಿ ಕೂತು, ಏಕತಾರಿ ಮೀಟಿ ಪದ ಎತ್ತಿಕೊಂಡಳು. ಆ ಕುಗ್ಗಿದ, ಪಕ್ಕದಲ್ಲಿ ಕೂತವರಿಗಷ್ಟೇ ಕೇಳುತ್ತಿದ್ದ ಮೆತ್ತನೆಯ ದನಿ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಸಂತೆ ಬಜಾರದ ತನಕ ಹೋಯಿತು. ಅಂಗಡಿಯವರು ತಕ್ಕಡಿ ಹಿಡಿದೇ ಹೊರಗೆ ಬಂದು ನಿಂತರು. ಯಾರೂ ಕೂಗದ ಹಾಗೆ, ಯಾರ ಕಿವಿಯೂ ನೋಯದ ಹಾಗೆ ಇಡೀ ಓಣಿಗೆ ಒಬ್ಬ ಹೆಂಗಸು ಹತ್ತಿರ ಕೂತು ಹೇಳಿದಂತಿತ್ತು. ಮೈಕ್‌ಸೆಟ್ಟಿನವನು ಕಡೆಗೆ ಡಬ್ಬಿಯ ಸುತ್ತ ಒಂದು ಸುತ್ತು ಬಂದು ಮೆಲ್ಲಗೆ ಕೇಳಿದ. "ಯಾವ ಕಂಪನೀದ್ರಿ ಯವ್ವಾ ಇದು?"

"ಅವಲಕ್ಕಿ ಕಂಪನೀದು" ಅಂದಳು ಅವ್ವ. ಡಬ್ಬಿ ಕಾದು ನಿಜಕ್ಕೂ ಒಗ್ಗರಣೆ ಅವಲಕ್ಕಿಯ ವಾಸನೆ ಬರುತ್ತಿತ್ತು.

ಆಮೇಲೆ ಎಷ್ಟೋ ಶ್ರಾವಣ ಅವಳು ನಡುವೆಯೇ ಕೂತು ಹಾಡಿದಳು. ಈಗ ಅತ್ತಿ ಇಲ್ಲ, ಅವ್ವನಿಲ್ಲ, ಅಪ್ಪ ಇಲ್ಲ. ಮಾಳಿಗೆಯ ಮನೆಯನ್ನು ಕೊಂಡವರು ಕೆಡವಿ ಅಂಗಡಿಸಾಲು ಕಟ್ಟಿದ್ದಾರೆ. ಅತ್ತಿಯ ದನಿಯನ್ನು ಯಾರೂ ಹಿಡಿದಿಟ್ಟುಕೊಳ್ಳಲಿಲ್ಲ, ನಮಗೆ ಅದು ಹೊಳೆಯಲೇ ಇಲ್ಲ. ಆ ಸಂಕಟ ಇವತ್ತಿಗೂ ಹೋಗಿಲ್ಲ. ಡಬ್ಬಿ ಮಾತ್ರ ನನ್ನ ಜೊತೆ ದೇವದುರ್ಗಕ್ಕೆ ಬಂದಿದೆ. ಹಳೆಯ ಗಡಿಗೆ ಒಡೆದದ್ದರಿಂದ ಪಕ್ಕದ ಜಾಲಹಳ್ಳಿಯಿಂದ ಹೊಸದೊಂದು ತಂದೆ. ನಮ್ಮ ಶಾಲೆಯಲ್ಲಿ ಪ್ರಾರ್ಥನೆಗೆ ಅದನ್ನೇ ಇಡುತ್ತೇನೆ, ದನಿ ಸಣ್ಣದಿರುವ ಹುಡುಗಿಯರನ್ನೇ ಹುಡುಕಿ ಮುಂದೆ ನಿಲ್ಲಿಸುತ್ತೇನೆ. ಮೊನ್ನೆ ಸ್ವಿಚ್ ಹಾಕಿದೆ. ಮೈಕಿನ ಮುಂದೆ ಹೆದರಿ ನಿಂತ ಹುಡುಗಿ ಗಡಿಗೆಗೆ ಕಿವಿಗೊಟ್ಟು ನನ್ನತ್ತ ತಿರುಗಿದಳು.

"ಚಾಲು ಆಗ್ಯಾದೇನ್ರಿ ಟೀಚರ್? ಏನೂ ಸಪ್ಪಳ ಇಲ್ಲ."

ಆ ಸಪ್ಪಳವಿಲ್ಲದ್ದನ್ನು ನಾನು ಒಂದು ಗಳಿಗೆ ಕೇಳಿಸಿಕೊಂಡೆ. ಹಿಟ್ಟಿನ ಕೈಯ ನೀಲವ್ವತ್ತಿ ಪಡಸಾಲೆಯಲ್ಲಿ ನಿಂತಿದ್ದಳು.

"ಆಗ್ಯಾದವ್ವ" ಅಂದೆ. "ಹಾಡು."