ಬುಟ್ಟಿ ಇಳಿಸುವ ಎತ್ತರ

ಭಾಮಾಬಾಯಿ ಪುಣೆಗೆ ಬಂದದ್ದು ೧೯೧೭ರಲ್ಲಿ, ತನ್ನ ಹದಿನೇಳನೆಯ ವಯಸ್ಸಿನಲ್ಲಿ. ಗಂಡ ದಿಗಂಬರ ಮಣ್ಣೂರ, ಪುಣೆಯ ಮುನ್ಸಿಪಾಲಿಟಿಯಲ್ಲಿ ರಸ್ತೆಗಳ ನಕ್ಷೆ ಬರೆಯುವ ನೌಕರಿಯಲ್ಲಿದ್ದ. ರವಿವಾರ ಪೇಟೆಯಲ್ಲಿ, ತಾಮ್ರ ಹಿತ್ತಾಳೆ ಪಾತ್ರೆಗಳ ಅಂಗಡಿಗಳಿದ್ದ ಒಂದು ಇಕ್ಕಟ್ಟಾದ ಬೀದಿ. ಅಲ್ಲಿ ಹಲವು ಸಂಸಾರಗಳಿದ್ದ ಹಳೆಯ ವಾಡೆಯೊಂದರ ಮೂರನೆಯ ಮಾಳಿಗೆಯಲ್ಲಿ, ಹಿಂಬದಿಗೆ, ಅವರಿಗೆ ಎರಡು ಖೋಲಿಗಳು.

ಧಾರವಾಡದ ತವರುಮನೆಗೆ ಬಾಗಿಲ ಎರಡೂ ಬದಿಗೆ ಕಟ್ಟೆಯಿತ್ತು. ಸಂಜೆಯಾದರೆ ಮನೆಯ ಹೆಂಗಸರು ಅಲ್ಲಿ ಕೂತು ಅವರೆಕಾಯಿ ಸುಲಿಯುತ್ತ, ಹಾದುಹೋಗುವವರನ್ನೆಲ್ಲ ನಿಲ್ಲಿಸಿ ಮಾತಾಡಿಸುತ್ತ ಹೊತ್ತು ಕಳೆಯುತ್ತಿದ್ದರು. ಪುಣೆಯ ಖೋಲಿಯ ಕಿಟಕಿಗೆ ಕಾಣುತ್ತಿದ್ದದ್ದು ಎದುರಿನ ಗೋಡೆ, ಅದರ ಮೇಲೆ ಒಂದು ಪಂಚೆಯಗಲದ ಆಕಾಶ. ಭಾಮಾಗೆ ಮರಾಠಿ ಬರುತ್ತಿರಲಿಲ್ಲ. ಗಂಡ ಮುಂಜಾನೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವ. ಮೊದಲ ನಾಲ್ಕು ತಿಂಗಳು ಅವಳು ಒಲೆಯೊಂದಿಗೆ ಮಾತಾಡಿದಳು ಎಂದರೂ ಸುಳ್ಳಲ್ಲ.

ಒಂದು ಶುಕ್ರವಾರ ಹೂವು ತರಲು ಕೆಳಗಿಳಿದಳು. ಸುಂದರಶೇಠ ಎಂಬವನ ಪಾತ್ರೆ ಅಂಗಡಿಯ ಮುಂದೆ ಉದ್ದನೆಯ ಕಲ್ಲುಕಟ್ಟೆ. ಅದರ ಮೇಲೊಂದು ಹೂವಿನ ಬುಟ್ಟಿ, ಕೆಳಗಿನ ಮೆಟ್ಟಿಲ ಮೇಲೆ ನಲವತ್ತರ ಹತ್ತಿರದ ಹೆಂಗಸು. ಗಿರಾಕಿಯೊಬ್ಬ ಅವಳೊಡನೆ ಮರಾಠಿಯಲ್ಲಿ ಹೊತ್ತುಗಟ್ಟಲೆ ಚೌಕಾಸಿ ಮಾಡಿ ಬರಿಗೈಯಲ್ಲಿ ಹೋದ. ಅವನ ಬೆನ್ನು ತಿರುಗಿದ್ದೇ ತಡ, ಹೆಂಗಸು ಗೊಣಗಿದಳು: “ಇವನ ಹೆಣಾ ಎತ್ತಲಿ! ಒಂದು ದುಡ್ಡಿಗೆ ತ್ವಾಟಾನ ಬೇಕಂತ ಇವಗ.”

ಭಾಮಾಗೆ ನಗು ತಡೆಯಲಾಗಲಿಲ್ಲ.

“ಏ ತಂಗಿ, ನಗ್ತೀಯಲ್ಲ, ಕನ್ನಡ ತಿಳೀತದೇನು ನಿನಗ?”

“ತಿಳೀತದ. ನಾ ಧಾರವಾಡದಾಕಿ.”

“ಹಂಗಾರ ನಿಂತೀ ಯಾಕ? ಕೂಡು ಬಾ.”

ಅವಳ ಹೆಸರು ರಂಗೂಬಾಯಿ. ಹುಕ್ಕೇರಿಯ ಕಡೆಯವಳು. ಗಂಡ ಧಾನ್ಯದ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದವನು ಪ್ಲೇಗಿನಲ್ಲಿ ತೀರಿಕೊಂಡ ಮೇಲೆ ಹೂವು ಮಾರುತ್ತಿದ್ದಳು. ಆ ಕಟ್ಟೆ ಅವಳ ಅಳತೆಗೇ ಕಟ್ಟಿದಂತಿತ್ತು. ತಲೆಯ ಮೇಲಿನ ತುಂಬಿದ ಬುಟ್ಟಿಯನ್ನು ಯಾರನ್ನೂ ಕರೆಯದೆ ತಾನೇ ಅದರ ಮೇಲೆ ಜಾರಿಸಿ ಇಡುತ್ತಿದ್ದಳು. “ಹೊರೂದೇನ ದೊಡ್ಡದಲ್ಲ, ಇಳಸ್ಲಿಕ್ಕೆ ಇನ್ನೊಬ್ಬರ ಕೈ ಬೇಕು, ಅದ ಕಷ್ಟ” ಎನ್ನುತ್ತಿದ್ದಳು.

ಅಂದಿನಿಂದ ಭಾಮಾ ದಿನಾ ಸಂಜೆ ಕೆಳಗಿಳಿಯತೊಡಗಿದಳು. ರಂಗೂಬಾಯಿ ಅವಳಿಗೆ ರಂಗಕ್ಕನಾದಳು. ಒಳ್ಳೆಯ ಮನೆತನದ ಸೊಸೆ ಪೇಟೆಯ ಮೆಟ್ಟಿಲ ಮೇಲೆ ಕೂಡುವುದೇ ಎಂದು ವಾಡೆಯ ಹಿರಿಯರು ಮೂಗು ಮುರಿದರು. ದಿಗಂಬರ ಮಾತ್ರ ತಡೆಯಲಿಲ್ಲ. ಹೆಂಡತಿಯ ಮುಖದಲ್ಲಿ ಗೆಲುವು ಬಂದದ್ದು ಅವನಿಗೆ ಕಾಣುತ್ತಿತ್ತು. ಮರುವರ್ಷ ಭಾಮಾ ಗರ್ಭಿಣಿಯಾದಾಗ ಊರೂರಿಗೆ ಜ್ವರದ ಹಾವಳಿ ಎದ್ದಿತು. ತವರಿನಿಂದ ತಾಯಿ ಬರಲಾಗಲಿಲ್ಲ. ಬಾಣಂತನ ಮಾಡಿದವಳು ರಂಗಕ್ಕ. ನಸುಕಿನಲ್ಲಿ ಬಂದು ಬಾಣಂತಿಗೆ ಎಣ್ಣೆ ಹಚ್ಚಿ, ನೀರು ಹಾಕಿ, ಕೂಸನ್ನು ಮಲಗಿಸಿ ಹೂವಿನ ಮಂಡಿಗೆ ಓಡುತ್ತಿದ್ದಳು. ಕೂಸಿಗೆ ಅಂಬಾ ಎಂದು ಹೆಸರಿಟ್ಟವಳೂ ಅವಳೇ.

ಹೀಗೆ ಆರು ವರ್ಷಗಳು ಕಳೆದವು. ೧೯೨೩ರ ಬೇಸಿಗೆಯಲ್ಲಿ ಬೀದಿಯ ಒಳತುದಿಯ ಅರಳೆಯ ಗೋದಾಮಿಗೆ ಬೆಂಕಿ ಬಿತ್ತು. ನೀರಿನ ಗಾಡಿ ಬಂತು, ಆದರೆ ಅಂಗಡಿಗಳ ಕಟ್ಟೆಗಳ ನಡುವೆ ಸಿಕ್ಕಿಕೊಂಡು ಮುಂದೆ ಹೋಗಲಾರದೆ ನಿಂತಿತು. ಒಳಗಿದ್ದ ಇಬ್ಬರು ಹಮಾಲರು ಉಳಿಯಲಿಲ್ಲ. ಬೀದಿಯನ್ನು ಅಗಲ ಮಾಡಲೇಬೇಕೆಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದರು. ಅಳತೆಯ ಸರಪಳಿ ಹಿಡಿದು ಬಂದವನು ದಿಗಂಬರನೇ.

ಅಳತೆ ಮುಗಿದ ದಿನ ಅವನು ಊಟಕ್ಕೆ ಕೂತು ಅನ್ನವನ್ನು ಕಲಸುತ್ತಲೇ ಇದ್ದ.

“ಏನಾತ್ರಿ?” ಎಂದಳು ಭಾಮಾ.

“ಕಟ್ಟಿ ಹೋಗ್ತದ.”

“ಯಾವ ಕಟ್ಟಿ?”

“ಸುಂದರಶೇಠನ ಅಂಗಡೀದು. ನಿಮ್ಮ ರಂಗಕ್ಕ ಕೂಡೂದು.”

“ಗೆರಿ ನಾಲ್ಕ ಫೂಟ ಆ ಕಡೆ ಸರಸ್ಲಿಕ್ಕೆ ಬರೂದಿಲ್ಲೇನು?” ಎಂದು ಭಾಮಾ ಕೇಳಿದಳು.

“ಆ ಕಡೆ ಬಟ್ಟಿ ಹೊಲಿಯೂ ಸಿಂಪಿಗ್ಯಾರ ಮನಿ ಅವ. ಸರಸಿದ್ರ ಅವರು ಮಲಗೂ ಖೋಲಿ ಹೋಗ್ತಾವ. ಈ ಕಡೆ ಬರೇ ಕಟ್ಟಿ. ನೀನಽ ಹೇಳು, ಎಲ್ಲಿ ಎಳೀಲಿ?”

ಭಾಮಾ ಅವನ ತಾಟಿಗೆ ಮಜ್ಜಿಗೆ ಬಡಿಸಿದಳು. ಹಮಾಲರ ಹೆಣಗಳನ್ನು ಹೊರಗೆ ತಂದದ್ದನ್ನು ಅವಳೂ ನೋಡಿದ್ದಳು.

ಕಟ್ಟೆ ಒಡೆಯಲು ಇನ್ನೂ ಎರಡು ತಿಂಗಳಿತ್ತು. ಆ ಎರಡು ತಿಂಗಳೂ ಭಾಮಾ ದಿನಾ ರಂಗಕ್ಕನ ಪಕ್ಕದಲ್ಲಿ ಕೂತಳು, ಹೂವು ಕಟ್ಟಿದಳು, ನಕ್ಕಳು. ಈ ಮಾತನ್ನು ಮಾತ್ರ ಆಡಲಿಲ್ಲ. ಇವತ್ತು ಹೇಳಿದರೆ ಇವತ್ತಿನ ಸಂಜೆ ಹಾಳಾಗುತ್ತದೆ, ನಾಳೆ ಹೇಳಿದರಾಯಿತು ಎಂದುಕೊಳ್ಳುವಳು. ಮರುದಿನವೂ ಹಾಗೆಯೇ ಅನಿಸುತ್ತಿತ್ತು.

ಕಡೆಗೆ ಒಂದು ಮುಂಜಾನೆ ಗುದ್ದಲಿಯವರು ಬಂದೇ ಬಿಟ್ಟರು. ಭಾಮಾ ಓಡಿ ಕೆಳಗೆ ಬಂದಾಗ ರಂಗಕ್ಕ ಬುಟ್ಟಿಯನ್ನು ತಲೆಯ ಮೇಲೇ ಇಟ್ಟುಕೊಂಡು ನಿಂತಿದ್ದಳು. ಇಳಿಸಲು ಜಾಗವಿರಲಿಲ್ಲ.

“ನಕ್ಷಾ ಬರದಾವ್ರು ನಿಮ್ಮನಿಯವರಂತಲ್ಲ? ನಿನಗ ಗೊತ್ತಿತ್ತೇನು?”

“ಗೊತ್ತಿತ್ತು ರಂಗಕ್ಕ.”

“ಯಾವಾಗಿಂದ?”

“ಎರಡ ತಿಂಗಳಾತು.”

ರಂಗಕ್ಕ ಬೈಯಲಿಲ್ಲ. ಬೈದಿದ್ದರೆ ಭಾಮಾ ಅತ್ತು ಹಗುರಾಗುತ್ತಿದ್ದಳು. “ಹೇಳಿದ್ರ ಬ್ಯಾರೆ ಕಡೆ ಎಲ್ಲೆರೆ ಜಾಗಾ ಹುಡುಕ್ತಿದ್ನಲ್ಲ ತಂಗಿ” ಎಂದಷ್ಟೇ ಹೇಳಿ ಧೂಳಿನ ನಡುವೆ ಹೊರಟುಹೋದಳು.

ಹೊಸ ಬೀದಿ ಚೆಂದವಾಯಿತು. ಎರಡೂ ಬದಿಗೆ ಕಲ್ಲು ಹಾಸಿದ ಕಾಲುದಾರಿ, ಸಾಲಾಗಿ ದೀಪದ ಕಂಬಗಳು, ಮಳೆನೀರು ಹರಿಯಲು ಗಟಾರು. ಟಾಂಗಾಗಳು ಎದುರುಬದುರು ಬಂದರೂ ತಾಗುತ್ತಿರಲಿಲ್ಲ. ವ್ಯಾಪಾರ ಹೆಚ್ಚಿತೆಂದು ಸುಂದರಶೇಠನೇ ಹೇಳಿದ. ಆದರೆ ಜನ ಬರುತ್ತಿದ್ದರು, ಕೊಳ್ಳುತ್ತಿದ್ದರು, ಹೋಗುತ್ತಿದ್ದರು. ನಿಲ್ಲುವವರು ಯಾರೂ ಇರಲಿಲ್ಲ. ನಿಂತು ಮಾಡುವುದಾದರೂ ಏನು? ಭಾಮಾ ಸಂಜೆ ಕೆಳಗಿಳಿದು, ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು, ಮತ್ತೆ ಮಾಳಿಗೆ ಹತ್ತುತ್ತಿದ್ದಳು.

ರಂಗಕ್ಕ ಖಡಕಿಯ ದಂಡಿನ ಪೇಟೆಯಲ್ಲಿ ಹೂವು ಮಾರುತ್ತಾಳೆಂಬ ಸುದ್ದಿ ಬಂದದ್ದು ಒಂದು ವರ್ಷದ ಮೇಲೆ. ಮುಂದಿನ ರವಿವಾರವೇ ಭಾಮಾ ಗಂಡನನ್ನು ಹೊರಡಿಸಿಕೊಂಡು ಟಾಂಗಾ ಮಾಡಿ ಹೋದಳು. ರಂಗಕ್ಕ ರಸ್ತೆಯ ಅಂಚಿನಲ್ಲಿ ಗೋಣಿತಾಟು ಹಾಸಿಕೊಂಡು ಬಿಸಿಲಿಗೆ ಕೂತಿದ್ದಳು. ಸೊರಗಿದ್ದಳು. ಭಾಮಾಳನ್ನು ನೋಡಿ ಎದ್ದು ನಿಂತಳು.

“ಬರ್ರಿ ಬಾಯಾರ. ಆರಾಮ ಇದ್ದೀರೇನ್ರಿ? ಅಂಬಾಬಾಯಾರು ದೊಡ್ಡವರಾಗಿರಬೇಕಲ್ರಿ?”

ಆ ‘ರೀ’ ಕೇಳಿ ಭಾಮಾ ಗೋಣಿತಾಟಿನ ಆಚೆಗೇ ನಿಂತಳು. ಆರು ವರ್ಷ ‘ಏ ತಂಗಿ, ಬಾ, ಕೂಡು’ ಎಂದು ಕರೆದ ಬಾಯಿ ಅದು.

“ರಂಗಕ್ಕ, ಮೊದಲಿನಂಗ ನನಗ ನೀ ಅನ್ನು” ಎಂದಳು.

ರಂಗಕ್ಕ ಒಂದು ಮಾಲೆ ಮಲ್ಲಿಗೆಯನ್ನು ಎಲೆಯಲ್ಲಿ ಸುತ್ತಿಕೊಟ್ಟಳು.

“ನಮ್ಮ ಓಣಿ ಮೂಲ್ಯಾಗ ಒಂದ ತುಕಡಿ ಜಾಗಾ ಉಳದದ” ಎಂದು ಭಾಮಾ ಅವಸರದಿಂದ ಹೇಳಿದಳು. “ಅಲ್ಲಿ ಕಟ್ಟಿ ಕಟ್ಟಸ್ತೀನಿ. ನೆರಳಿಗೆ ಗಿಡಾ ಹಚ್ಚತೀನಿ. ಆವಾಗ ಬರ್ತೀಯಿಲ್ಲ?”

“ಮೊದಲ ಕಟ್ಟಸ್ರಿ. ಆಮ್ಯಾಲ ನೋಡೂಣು.”

ಅಂಥ ತುಕಡಿ ಇದ್ದದ್ದು ನಿಜ. ಬೀದಿ ತಿರುಗುವಲ್ಲಿ ಮನೆಯೊಂದನ್ನು ಕೆಡವಿದ ಮೇಲೆ ಮೂರು ಮೂಲೆಯ ನೆಲ ಉಳಿದಿತ್ತು. ದಿಗಂಬರ ತನ್ನ ಮೊದಲ ನಕ್ಷೆಯಲ್ಲೇ ಅಲ್ಲಿ ಬೇವಿನ ಮರ ಮತ್ತು ಅದರ ಸುತ್ತ ಕಟ್ಟೆ ಬರೆದಿದ್ದ. ಮೇಲಿನವರು ಗಟಾರು ಮೊದಲು, ದೀಪ ಮೊದಲು, ಇದು ಮುಂದಿನ ವರ್ಷಕ್ಕಿರಲಿ ಎಂದರು. ಮುಂದಿನ ವರ್ಷವೂ ಅದನ್ನೇ ಅಂದರು. ನೆಲದ ಮೇಲೆ ಒಡೆದ ಇಟ್ಟಿಗೆ, ಲದ್ದಿ, ಅಂಗಡಿಗಳ ಹುಲ್ಲು ಚಿಂದಿ ಬಿದ್ದವು.

ಭಾಮಾ ಕಾಯಲಿಲ್ಲ. ಒಂದು ಬೇವಿನ ಸಸಿ ತಂದು ತಾನೇ ನೆಟ್ಟಳು. ಟಾಂಗಾದ ಕುದುರೆ ತಿಂದಿತು. ಇನ್ನೊಂದು ನೆಟ್ಟು ಮುಳ್ಳು ಸುತ್ತಿದಳು. ಯಾರೋ ಮುಳ್ಳನ್ನು ಉರುವಲಿಗೆ ಒಯ್ದರು. ಮೂರನೆಯದಕ್ಕೆ ನೀರು ಹಾಕುತ್ತಿದ್ದಾಗ ಸುಂದರಶೇಠ ಅಂಗಡಿಯಿಂದ ಇಳಿದು ಬಂದ. ತಳ ಹೋದ ದೊಡ್ಡದೊಂದು ತಾಮ್ರದ ಹಂಡೆಯನ್ನು ಹೊರಿಸಿಕೊಂಡು ಬಂದು ಸಸಿಯ ಸುತ್ತ ನಿಲ್ಲಿಸಿದ. “ನನ್ನ ಕಟ್ಟೆ ಹೋದಾಗ ನನಗೂ ಕೆಟ್ಟದೆನಿಸಿತ್ತು ಬಾಯಿ” ಎಂದು ಮರಾಠಿಯಲ್ಲಿ ಹೇಳಿದ. ಅಷ್ಟು ಹೊತ್ತಿಗೆ ಭಾಮಾಳ ಮರಾಠಿ ಚೆನ್ನಾಗಿ ಪಳಗಿತ್ತು. ಸಸಿ ಹಂಡೆಯನ್ನು ಮೀರಿ ಬೆಳೆಯಿತು.

೧೯೩೪ರ ಸಂಕ್ರಾಂತಿಗೆ ಅವಳು ಇನ್ನೊಂದು ಕೆಲಸ ಮಾಡಿದಳು. ವಾಡೆಯ ಹೆಂಗಸರನ್ನೆಲ್ಲ ಅರಿಸಿನ ಕುಂಕುಮಕ್ಕೆ ಕರೆದಳು. ಖೋಲಿಗೆ ಅಲ್ಲ, ಆ ಮೂಲೆಗೆ. ಹಿಂದಿನ ದಿನ ಅಂಬಾಳೂ ಅವಳೂ ಸೇರಿ ಇಟ್ಟಿಗೆ ಚೂರುಗಳನ್ನು ಆಯ್ದು, ನೆಲ ಸಾರಿಸಿ, ರಂಗೋಲಿ ಹಾಕಿದ್ದರು. ಮೊದಮೊದಲು ಹೆಂಗಸರು ಸಂಕೋಚದಿಂದ ಸೆರಗು ಎಳೆದುಕೊಂಡು ನಿಂತರು. ಆಮೇಲೆ ಒಬ್ಬೊಬ್ಬರಾಗಿ ಚಾಪೆಯ ಮೇಲೆ ಕೂತರು. ಎಳ್ಳುಬೆಲ್ಲ ಕೊಟ್ಟು ತೆಗೆದುಕೊಂಡು, ಬೀದಿಯ ದೀಪಗಳು ಹತ್ತುವವರೆಗೆ ಮಾತಾಡಿದರು. ಎಷ್ಟೋ ಜನರಿಗೆ ತಮ್ಮ ಪೇಟೆಯನ್ನು ಕೂತು ನೋಡಿದ್ದು ಅದೇ ಮೊದಲು. ಮರುದಿನವೂ ಬಂದರು. ಆ ತಿಂಗಳಿಡೀ ಬಂದರು. ಹೆಂಗಸರು ಹೀಗೆ ನೆಲದ ಮೇಲೆ ಕೂಡುವುದನ್ನು ಹೋಗುತ್ತ ಬರುತ್ತ ನೋಡಿದ ಪೇಟೆಯ ವ್ಯಾಪಾರಿಗಳು ತಾವೇ ಅರ್ಜಿ ಬರೆದು ಸಹಿ ಮಾಡಿದರು. ಹತ್ತು ವರ್ಷ ಕಪಾಟಿನಲ್ಲಿದ್ದ ದಿಗಂಬರನ ನಕ್ಷೆ ಹೊರಗೆ ಬಂತು.

ಕಲ್ಲಿನ ಕೆಲಸಕ್ಕೆ ಬಂದವನು ಗೋಕಾಕದ ಕಡೆಯ ಶಿವಪ್ಪ. ಭಾಮಾ ಅವನ ಹತ್ತಿರ ಹೋಗಿ ನಿಂತಳು.

“ಶಿವಪ್ಪ, ಈ ಬಾಜೂ ತಗ್ಗ ಇರಲಿ, ವಯಸ್ಸಾದವರು ಕೂಡ್ಲಿಕ್ಕೆ. ಆ ಬಾಜೂ ಇಷ್ಟು ಎತ್ತರ ಮಾಡು” ಎಂದು ತನ್ನ ಎದೆಯ ಕೆಳಗೆ ಕೈಯಿಟ್ಟು ತೋರಿಸಿದಳು.

“ಅಷ್ಟ ಎತ್ತರ ಯಾರ ಕೂಡ್ತಾರ್ರಿ ಅವ್ವಾರ?”

“ಕೂಡೂದಕ್ಕಲ್ಲಪ್ಪ. ತಲಿಮ್ಯಾಲಿನ ಬುಟ್ಟಿ ಇಳಸ್ಲಿಕ್ಕೆ.”

ಶಿವಪ್ಪ ಅವಳ ಮುಖ ನೋಡಿದ. “ನಮ್ಮವ್ವ ಕಟ್ಟಿಗಿ ಹೊರಿ ಹೊರ್ತಿದ್ಲುರಿ” ಎಂದು ಹೇಳಿ, ನಕ್ಷೆಯಲ್ಲಿ ಇಲ್ಲದ ಆ ಎತ್ತರವನ್ನು ಸೀಮೆಸುಣ್ಣದಿಂದ ಗುರುತು ಮಾಡಿಕೊಂಡ. ದಿಗಂಬರ ಮರುದಿನ ಬಂದು ನೋಡಿ, ಜೇಬಿನಿಂದ ಪೆನ್ಸಿಲು ತೆಗೆದು ನಕ್ಷೆಯನ್ನೇ ತಿದ್ದಿಕೊಂಡ.

ಕಟ್ಟೆ ಮುಗಿದ ವಾರವೇ ಭಾಮಾ ಖಡಕಿಗೆ ಹೋದಳು. ರಂಗಕ್ಕನ ಜಾಗದಲ್ಲಿ ಬಳೆಗಾರನೊಬ್ಬ ಕೂತಿದ್ದ. ಕನ್ನಡದ ಹೂವಿನವಳು ಹೋಗಿ ಎರಡು ವರ್ಷವಾಯಿತೆಂದ. ಊರಿಗೋ, ಸೊಲ್ಲಾಪುರದ ಗಿರಣಿಯಲ್ಲಿದ್ದ ತಮ್ಮನ ಮನೆಗೋ ಅವನಿಗೆ ಗೊತ್ತಿರಲಿಲ್ಲ. ಭಾಮಾ ಹುಕ್ಕೇರಿಗೆ ಮೂರು ಕಾಗದ ಹಾಕಿಸಿದಳು. ರಂಗಕ್ಕನಿಗೆ ಓದು ಬರೆಹ ಬರುತ್ತಿರಲಿಲ್ಲ. ಉತ್ತರ ಬರಲಿಲ್ಲ.

ಕಟ್ಟೆ ಮಾತ್ರ ತುಂಬಿತು. ತರಕಾರಿಯವರು, ಹೂವಿನವರು, ಮೊಸರಿನವರು ಎತ್ತರದ ಬದಿಗೆ ಹೊರೆ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದರು. ಬೇವಿನ ನೆರಳು ಅಂಗಡಿಗಳ ಬಾಗಿಲವರೆಗೆ ಹರಡಿತು. ಭಾಮಾ ದಿನಾ ಸಂಜೆ ತಗ್ಗಿನ ಬದಿಗೆ ಕೂತು ಎಲ್ಲರೊಡನೆ ಮಾತಾಡುವಳು, ನಗುವಳು. ದೂರದಲ್ಲಿ ಬುಟ್ಟಿ ಹೊತ್ತವಳು ಕಂಡರೆ ಮಾತು ಅರ್ಧಕ್ಕೆ ನಿಲ್ಲಿಸಿ, ಅವಳು ಹತ್ತಿರ ಬರುವವರೆಗೆ ನೋಡುವಳು. ಗೆಳತಿಯರು ಅದಕ್ಕೆ ಹೊಂದಿಕೊಂಡಿದ್ದರು.

ಅಂಬಾ ಮದುವೆಯಾಗಿ ಹುಬ್ಬಳ್ಳಿಗೆ ಹೋದಳು. ೧೯೪೫ರಲ್ಲಿ ದಿಗಂಬರ ನಿವೃತ್ತನಾದ. ಮೂವತ್ತು ವರ್ಷ ಪುಣೆಯ ರಸ್ತೆಗಳನ್ನು ಅಳೆದವನು ಒಳಗೊಳಗೇ ಧಾರವಾಡಕ್ಕೆ ಹಂಬಲಿಸುತ್ತಲೇ ಇದ್ದ. ಅಲ್ಲಿ ಅಣ್ಣನ ಮನೆಯ ಪಕ್ಕದಲ್ಲಿ ಒಂದು ಸಣ್ಣ ಮನೆ ನೋಡಿಟ್ಟಿದ್ದ.

“ಹೋಗೂಣೇನು?” ಎಂದು ಕೇಳಿದ. “ಬಂದ ಹೊಸತಾಗ ನೀ ಎಷ್ಟ ಅತ್ತಿದ್ದಿ ಧಾರವಾಡ ಧಾರವಾಡ ಅಂತ.”

“ಈ ವರ್ಷ ಬ್ಯಾಡ್ರಿ.”

“ಯಾಕ?”

“ಆಕಿ ಬಂದ್ರ?”

ಯಾರೆಂದು ದಿಗಂಬರ ಕೇಳಲಿಲ್ಲ. ಹುಕ್ಕೇರಿಯವಳಿಗೆ ಈಗ ಎಪ್ಪತ್ತರ ಹತ್ತಿರ, ಬದುಕಿರುವಳೋ ಇಲ್ಲವೋ ಎಂದೂ ಅನ್ನಲಿಲ್ಲ. ಮರುವರ್ಷ ಮತ್ತೆ ಕೇಳಿದ, ಅದೇ ಮಾತು ಬಂತು. ಅದರ ಮರುವರ್ಷ, ಸ್ವಾತಂತ್ರ್ಯ ಬರುವ ಮೊದಲಿನ ಚೈತ್ರದಲ್ಲಿ, ಮನೆ ಬೇರೆಯವರಿಗೆ ಕೊಟ್ಟುಬಿಡೆಂದು ಅಣ್ಣನಿಗೆ ತಾನೇ ಕಾಗದ ಬರೆದ.

ಆ ಕಾಗದವನ್ನು ಅಂಚೆಗೆ ಹಾಕಿದ ಸಂಜೆ ಅವನು ಮಾಳಿಗೆಗೆ ಹೋಗದೆ ನೇರ ಮೂಲೆಗೆ ಬಂದ. ಕಟ್ಟೆಯ ತುಂಬ ಹೆಂಗಸರು. ಗಂಡಸು ಬಂದನೆಂದು ಒಂದಿಬ್ಬರು ಏಳಹೊರಟರು. ಭಾಮಾ ಅವರನ್ನು ತಡೆದು, ತಾನೇ ಸ್ವಲ್ಪ ಸರಿದು ಜಾಗ ಮಾಡಿದಳು. ದಿಗಂಬರ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ. ಬುಟ್ಟಿ ಹೊತ್ತವರು ಬರುವ ದಿಕ್ಕನ್ನು ಇಬ್ಬರೂ ನೋಡಿದರು.