ನೋವಿಲ್ಲದವರ ಎಕ್ಸರೇ

ಎಂಬತ್ತರ ಆಸುಪಾಸಿನ ಮಾತು. ಆಗ ನಾವು ಶಿವನಿ ಹತ್ತಿರದ ಹಳ್ಳಿಯಲ್ಲಿದ್ದೆವು. ಮನೆಮಂದಿಗೆ, ದನಗಳಿಗೆ ಬಾವಿಯಿಂದ ನೀರು ಸೇದುವುದು ನನ್ನ ಪಾಲಿನ ಕೆಲಸ. ಒಂದು ಬೇಸಿಗೆಯಲ್ಲಿ ಸೊಂಟ ಹಿಡಿದುಕೊಂಡಿತು. ಬಗ್ಗಿದರೆ ಏಳಲಾಗದು. ವಾಸಿಯಾಗುವವರೆಗೆ ಬೇರೆ ಯಾರಾದರೂ ಸೇದಲಿ ಎಂದೆ. ಅತ್ತೆ ಒಪ್ಪಲಿಲ್ಲ.

"ಊದಿಲ್ಲ, ಗಾಯ ಇಲ್ಲ. ಕಾಣದ ನೋವು ನಂಬೋದು ಹೆಂಗೆ?"

ಕಾಣಿಸುವ ಯಂತ್ರ ತರೀಕೆರೆಯಲ್ಲಿದೆ ಎಂದರು ಅಜ್ಜಂಪುರದ ಡಾಕ್ಟರು. ಯಜಮಾನರು ನನ್ನ ಜೊತೆಗೆ ಬಂದರು. ನನ್ನ ಫೋಟೋ ತೆಗೆಯುವುದನ್ನು ಕಂಡು ಅವರಿಗೂ ಆಸೆಯಾಯಿತು.

"ಇಲ್ಲೀಗಂಟ ಬಂದಿದ್ದೀವಿ, ನಂದೂ ಒಂದು ತೆಗೆದ್ಬಿಡಿ ಸ್ವಾಮಿ. ಬಸ್ಸಲ್ಲಿ ಕುಂತು ಸೊಂಟ ಹಿಡ್ಕಂಡೈತೆ" ಎಂದು ಅಂಗಿ ಬಿಚ್ಚಿಯೇ ಬಿಟ್ಟರು.

ಅಲ್ಲಿನ ಡಾಕ್ಟರು ಎರಡನ್ನೂ ಬೆಳಕಿಗೆ ಹಿಡಿದರು. ನನ್ನ ಮೂಳೆಗಳು ಚೆನ್ನಾಗಿದ್ದವು. ಯಜಮಾನರವು ಸವೆದಿದ್ದವು.

"ಹಂಗಾದ್ರೆ ನೋವ್ಯಾಕೆ ನಂಗೈತೆ?" ಎಂದೆ.

"ಮೂಳೆ ಸವೆದೋರಿಗೆಲ್ಲ ನೋವಿರಲ್ಲ ಕಣಮ್ಮ. ನೋವಿರೋರ ಫೋಟೋದಲ್ಲಿ ಏನೂ ಕಾಣದೇ ಇರೋದೂ ಉಂಟು. ಸ್ವಲ್ಪ ದಿನ ಭಾರ ಎತ್ತಬೇಡ. ಹಂಗಂತ ಮಲಗೇ ಇರಬೇಡ."

ಯಜಮಾನರ ಕಿವಿಗೆ ಬಿದ್ದದ್ದು ಸವೆದಿದೆ ಎಂಬುದಷ್ಟೇ. ಹೋಗುವಾಗ ಬಸ್ಸಿಗೆ ನೆಗೆದು ಹತ್ತಿದ್ದವರು ಬರುವಾಗ ನನ್ನ ಹೆಗಲು ಹಿಡಿದು ಹತ್ತಿದರು.

ಮನೆಯಲ್ಲಿ ಅವರಿಗೆ ಹಾಸಿಗೆ ಹಾಸಿದರು. ನೋಡಲು ಬಂದವರೆಲ್ಲ ಅವರ ಫಿಲಮ್ಮನ್ನು ಬಾಗಿಲ ಬಿಸಿಲಿಗೆ ಹಿಡಿದು ಅಯ್ಯೋ ಎಂದರು. ತಲೆಕೆಳಗಾಗಿ ಹಿಡಿದವರೂ ಅಯ್ಯೋ ಎಂದರು. ಕಡೂರಿನಿಂದ ನಾದಿನಿ ಬಾಳೆಹಣ್ಣು ಹಿಡಿದು ಬಂದಳು. ನನ್ನ ಫಿಲಮ್ಮನ್ನೂ ನೋಡಿ, "ಏನತ್ತಿಗೆ, ಒಳ್ಳೆ ಹೊಸಾ ಮೂಳೆ ಮಡಗಿದ್ದೀಯ, ಅಣ್ಣಂಗಾದ್ರೂ ಒಂದು ಕೊಡಬಾರದಾ?" ಎಂದು ನಕ್ಕಳು.

ಅತ್ತೆ ನಗಲಿಲ್ಲ. "ನಿಂಗೇನೂ ಇಲ್ಲ ಅಂತ ಮಿಷನ್ನೇ ಹೇಳೈತೆ. ನಾಳೆಯಿಂದ ಅವನ ಕೊಟ್ಟಿಗೆ ಕೆಲಸಾನೂ ನೀನೇ ನೋಡ್ಕಳೇ."

ಬೆಳಿಗ್ಗೆ ಎದ್ದವಳೇ ನನ್ನ ಫಿಲಮ್ಮನ್ನೂ ಬಾವಿಯ ಹಗ್ಗವನ್ನೂ ಅತ್ತೆಯ ಮುಂದಿಟ್ಟೆ.

"ನೋವಿಲ್ಲದೋಳು ಈ ಫಿಲಮ್ಮಲ್ಲಿ ಇದ್ದಾಳೆ. ಅವಳ ಕೈಲೇ ಸೇದಿಸ್ಕಳ್ಳಿ ಅತ್ತೆ" ಎಂದು ಹೇಳಿ ಕಂಬಕ್ಕೊರಗಿ ಕೂತೆ.

ಅತ್ತೆ ನನ್ನ ತವರಿನವರನ್ನೆಲ್ಲ ಬೈದರು. ಹೊತ್ತೇರಿತು. ನೀರಿಲ್ಲದೆ ದನಗಳು ಒದರತೊಡಗಿದವು. ಕಡೆಗೆ ಯಜಮಾನರೇ ಎದ್ದು ಹೋಗಿ ತೊಟ್ಟಿ ತುಂಬುವಷ್ಟು ಸರಸರ ಸೇದಿದರು. ಅತ್ತೆ ಹಿತ್ತಲ ಬಾಗಿಲಿಗೆ ಬಂದದ್ದನ್ನು ಕಂಡ ಮೇಲೆ ಸೊಂಟ ಹಿಡಿದುಕೊಂಡರು.

ನನ್ನ ನೋವು ಇಳಿಯುವವರೆಗೆ ಅವರೇ ಸೇದಿದರು. ಕೊಡ ಕೊಡಕ್ಕೂ ನರಳಿದರು. ನಾನು ಕೂತು ಹುಣಸೆಹಣ್ಣು ಬಿಡಿಸಿದೆ.